ಬಂದಿಲ್ಲ, ಬರಲಿಲ್ಲ: ಇಂಗ್ಲಿಷಿನ ಒಂದು ಕಾಲವನ್ನು ಮನೆಮಾತಿನಿಂದ ತಿಳಿಯುವ ಬಗೆ



ಈ ಮುಂಗಾರಿನ ಮೊದಲ ದಿನಗಳಲ್ಲಿ ನಾವು ಬಾಳೆಹೊನ್ನೂರಿಗೆ ಹೋಗಿ, ಭದ್ರಾ ನದಿಯ ತಟದಲ್ಲಿರುವ ಶ್ರೀ ರಂಭಾಪುರಿ ಪೀಠದ ದರ್ಶನ ಮಾಡಿಕೊಂಡು ಹಿಂದಿರುಗುವಾಗ, ಶೆಟ್ಟಿಕೊಪ್ಪದಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ಒಂದು ರಾತ್ರಿ ತಂಗಬೇಕಾಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯ ಮಳೆಯನ್ನು ಬಲ್ಲವರಿಗೆ ಅದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ತಾಯಿ ಮತ್ತು ಮಗಳು ಇಬ್ಬರೇ. ಮನೆಯ ಯಜಮಾನರು 2021ರಲ್ಲಿ ಲಿಂಗೈಕ್ಯರಾದರು. ತಾಯಿ ಅಡಿಕೆ ತೋಟಗಳಲ್ಲಿ ದುಡಿದು ಮಗಳನ್ನು ಪದವಿಯವರೆಗೆ ಓದಿಸಿದ್ದಾರೆ.

ಸಂಜೆಯ ಲಿಂಗಪೂಜೆ, ಪ್ರಸಾದ ಮುಗಿದ ಮೇಲೆ ಆ ಹುಡುಗಿ ಒಂದು ಹಾಳೆಯನ್ನು ತಂದು ನಮ್ಮ ಮುಂದಿಟ್ಟಳು. ಕೆಲಸಕ್ಕಾಗಿ ಇಂಗ್ಲಿಷಿನಲ್ಲಿ ಬರೆದ ಅರ್ಜಿ ಅದು. "ತಪ್ಪಿದ್ದರೆ ತಿದ್ದಿಕೊಡಿ, ಆದರೆ ನಗಬೇಡಿ" ಎಂದಳು. ಕಡೆಯ ಮಾತು ನಮ್ಮ ಮನಸ್ಸನ್ನು ತಟ್ಟಿತು. ಕೇಳಿದಾಗ ತಿಳಿದದ್ದಿಷ್ಟು. ಹಿಂದೊಮ್ಮೆ ಒಂದು ಸಂದರ್ಶನದಲ್ಲಿ ಅವಳ ಒಂದು ವಾಕ್ಯವನ್ನು ಕೇಳಿ ಎದುರಿಗಿದ್ದವರು ನಕ್ಕರಂತೆ. ಅಂದಿನಿಂದ ಅವಳು ಯಾರ ಮುಂದೆಯೂ ಇಂಗ್ಲಿಷಿನಲ್ಲಿ ಬಾಯಿ ತೆರೆದಿಲ್ಲ.

ಹಾಳೆಯಲ್ಲಿ ನಾಲ್ಕು ವಾಕ್ಯಗಳ ಕೆಳಗೆ ನಾವು ಗೆರೆ ಎಳೆಯಬೇಕಾಯಿತು. ಅವು ಇವು:

ಐ ಹ್ಯಾವ್ ಪಾಸ್ಡ್ ಬಿ.ಎ. ಇನ್ 2023.

ಐ ಡಿಡ್ ನಾಟ್ ರಿಸೀವ್ ಮೈ ಕಾನ್ವೊಕೇಶನ್ ಸರ್ಟಿಫಿಕೇಟ್ ಯೆಟ್.

ಮೈ ಮದರ್ ಈಸ್ ವರ್ಕಿಂಗ್ ಇನ್ ಅರೆಕಾ ಗಾರ್ಡನ್ಸ್ ಸಿನ್ಸ್ ಟ್ವೆಂಟಿ ಇಯರ್ಸ್.

ಮೈ ಫಾದರ್ ಹ್ಯಾಸ್ ವರ್ಕ್ಡ್ ಆಸ್ ಎ ಡ್ರೈವರ್ ಫಾರ್ ಫಿಫ್ಟೀನ್ ಇಯರ್ಸ್.

ಈ ನಾಲ್ಕೂ ತಪ್ಪುಗಳು ಒಂದೇ ತಾಯಿಬೇರಿನಿಂದ ಹುಟ್ಟಿದವು. ಇಂಗ್ಲಿಷ್ ವ್ಯಾಕರಣದಲ್ಲಿ 'ಪ್ರೆಸೆಂಟ್ ಪರ್ಫೆಕ್ಟ್' ಎಂದು ಕರೆಯುವ, ಕನ್ನಡದಲ್ಲಿ 'ಪೂರ್ಣ ವರ್ತಮಾನ' ಎಂದು ಹೇಳಬಹುದಾದ ಕಾಲವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದರ ಗೊಂದಲ ಅದು. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇದೇ ಗೊಂದಲವಿರುವುದನ್ನು ನಾವು ಕಂಡಿದ್ದೇವೆ. ಆದುದರಿಂದ ಆ ರಾತ್ರಿ ಅಲ್ಲಿ ನಡೆದ ಮಾತುಕತೆಯನ್ನೇ ಈ ತಿಂಗಳ ಅಂಕಣದಲ್ಲಿ ಓದುಗರೊಡನೆ ಹಂಚಿಕೊಳ್ಳುತ್ತಿದ್ದೇವೆ.

ನಾವು ಮೊದಲು ಮಗಳನ್ನು ಏನೂ ಕೇಳಲಿಲ್ಲ. ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ತಾಯಿಯನ್ನು ಕೇಳಿದೆವು: "ಅಮ್ಮ, ನೀವು ರಸ್ತೆಯ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೀರಿ. ಒಬ್ಬರು 'ಬಸ್ಸು ಬಂದಿಲ್ಲ' ಎನ್ನುತ್ತಾರೆ. ಇನ್ನೊಬ್ಬರು 'ಬಸ್ಸು ಬರಲಿಲ್ಲ' ಎನ್ನುತ್ತಾರೆ. ಎರಡೂ ಒಂದೇ ಏನು?"

ಆ ತಾಯಿ ಒಂದು ಕ್ಷಣವೂ ಯೋಚಿಸಲಿಲ್ಲ. "ಅದು ಹೇಗೆ ಒಂದೇ ಆಗುತ್ತದೆ? ಬಂದಿಲ್ಲ ಎಂದರೆ ಇನ್ನೂ ಕಾಯಬಹುದು. ಬರಲಿಲ್ಲ ಎಂದರೆ ಇನ್ನು ಕಾಯುವುದು ದಂಡ" ಎಂದರು.

ಪ್ರೆಸೆಂಟ್ ಪರ್ಫೆಕ್ಟ್ ಎಂಬುದರ ತಿರುಳೆಲ್ಲ ಈ ಉತ್ತರದಲ್ಲಿ ಅಡಗಿದೆ. 'ಬಂದಿಲ್ಲ' ಎಂಬುದು ಇಂಗ್ಲಿಷಿನ 'ಹ್ಯಾಸ್ ನಾಟ್ ಕಮ್'. 'ಬರಲಿಲ್ಲ' ಎಂಬುದು 'ಡಿಡ್ ನಾಟ್ ಕಮ್'. ಮೊದಲನೆಯದರಲ್ಲಿ ಕಾಲದ ಬಾಗಿಲು ಇನ್ನೂ ತೆರೆದಿದೆ. ಎರಡನೆಯದರಲ್ಲಿ ಅದು ಮುಚ್ಚಿದೆ. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಆ ತಾಯಿಗೆ ಗೊತ್ತಿರುವ ಈ ಭೇದ ಪದವಿ ಪಡೆದ ಮಗಳಿಗೂ ಕನ್ನಡದಲ್ಲಿ ಚೆನ್ನಾಗಿಯೇ ಗೊತ್ತು. ಗೊತ್ತಿದೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಹೀಗೇಕಾಯಿತು? ನಮ್ಮ ಶಾಲೆಗಳಲ್ಲಿ ಕನ್ನಡ ವ್ಯಾಕರಣವನ್ನು ಕಲಿಸುವಾಗ ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳನ್ನು ಹೇಳಿಕೊಡುತ್ತಾರೆ. ಮಾಡಿದನು, ಮಾಡುತ್ತಾನೆ, ಮಾಡುವನು ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿದ ಕೇಶಿರಾಜನ ಕಾಲದಿಂದಲೂ ಈ ಮೂರರ ಎಣಿಕೆ ನಮ್ಮಲ್ಲಿ ನಡೆದುಬಂದಿದೆ. ಅದರಲ್ಲಿ ದೋಷವಿಲ್ಲ. ಆದರೆ ನಾವು ದಿನಕ್ಕೆ ನೂರು ಬಾರಿ ಆಡುವ 'ಮಾಡಿದ್ದಾನೆ', 'ಬಂದಿದ್ದಾಳೆ', 'ತಿಂದಿದ್ದೇವೆ' ಎಂಬ ರೂಪಗಳಿಗೆ ಆ ಮೂರರ ಪಟ್ಟಿಯಲ್ಲಿ ಪ್ರತ್ಯೇಕವಾದ ಹೆಸರು ಸಿಗುವುದಿಲ್ಲ. ಹೆಸರಿಲ್ಲದ ವಸ್ತು ಮನೆಯಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಮುಂದೆ ಇಂಗ್ಲಿಷ್ ಪಾಠದಲ್ಲಿ ಹನ್ನೆರಡು ಬಗೆಯ ಕಾಲಗಳ ಕೋಷ್ಟಕವನ್ನು ಕಂಡ ಮಗು, ಇದೆಲ್ಲ ನಮ್ಮಲ್ಲಿಲ್ಲದ ಹೊಸ ಸರಕು ಎಂದು ಹೆದರುತ್ತದೆ.

ಈಗ ನಮ್ಮ ರೂಪವನ್ನು ಸ್ವಲ್ಪ ಬಿಡಿಸಿ ನೋಡೋಣ. ಬಂದು ಎಂಬುದಕ್ಕೆ ಇದ್ದಾನೆ ಎಂಬುದು ಸೇರಿ, ಲೋಪಸಂಧಿಯಾಗಿ, 'ಬಂದಿದ್ದಾನೆ' ಎಂದಾಗುತ್ತದೆ. ಬರುವ ಕೆಲಸ ಮುಗಿಯಿತು, ಆದರೆ ಬಂದವನು ಈಗ ಇದ್ದಾನೆ. ಮುಗಿದ ಕ್ರಿಯೆ ಮತ್ತು ಇರುವ ಸ್ಥಿತಿ, ಇವೆರಡೂ ಒಂದೇ ಮಾತಿನಲ್ಲಿ ಕೂಡಿವೆ. 'ಅಣ್ಣ ನಿನ್ನೆ ಬಂದನು' ಎಂದರೆ ಅವನು ಈಗ ಮನೆಯಲ್ಲಿರಬಹುದು, ಹೊರಟುಹೋಗಿಯೂ ಇರಬಹುದು. 'ಅಣ್ಣ ಬಂದಿದ್ದಾನೆ' ಎಂದರೆ ಒಲೆಯ ಮೇಲೆ ಇನ್ನೊಂದು ಪಾವು ಅಕ್ಕಿ ಇಡಬೇಕು.

ಮಲೆನಾಡಿನ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆಯನ್ನು ಕೊಡುತ್ತೇವೆ. ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತೇವೆ. ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನಗಳ ಬಳಿಕ ಇನ್ನೊಮ್ಮೆ ಸಿಂಪಡಿಸುವುದು ರೂಢಿ. ನೆರೆಯ ತೋಟದವರು ಬಂದು ಕೇಳಿದಾಗ "ಮದ್ದು ಹೊಡೆದಿದ್ದೇವೆ" ಎಂದು ಉತ್ತರಿಸುತ್ತೇವೆ. ಕೆಲಸ ಆಗಿಹೋದದ್ದೇ, ಆದರೆ ಅದರ ರಕ್ಷೆ ಈ ಹೊತ್ತು ಗೊನೆಯ ಮೇಲಿದೆ. ಇದು ಇಂಗ್ಲಿಷಿನಲ್ಲಿ 'ವಿ ಹ್ಯಾವ್ ಸ್ಪ್ರೇಡ್'. "ಹೋದ ವರ್ಷ ಎರಡು ಸಲ ಹೊಡೆದೆವು" ಎಂಬುದು ಬರಿಯ ಹಳೆಯ ಸಂಗತಿ. ಅದು 'ವಿ ಸ್ಪ್ರೇಡ್ ಟ್ವೈಸ್ ಲಾಸ್ಟ್ ಇಯರ್'. ಈ ವರ್ಷದ ಗೊನೆಯನ್ನು ಹೋದ ವರ್ಷದ ಮದ್ದು ಕಾಯುವುದಿಲ್ಲ.

ನಮ್ಮಲ್ಲಿ 'ಇರು' ಧಾತು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ 'ಹ್ಯಾವ್' ಅಥವಾ 'ಹ್ಯಾಸ್' ಮಾಡುತ್ತದೆ. ಐ, ವಿ, ಯು, ದೇ ಎಂಬವುಗಳಿಗೆ ಹ್ಯಾವ್. ಹಿ, ಶಿ, ಇಟ್ ಎಂಬವುಗಳಿಗೂ ಒಬ್ಬರ ಹೆಸರಿಗೂ ಹ್ಯಾಸ್. ಅದರ ಮುಂದೆ ಕ್ರಿಯಾಪದದ ಮೂರನೆಯ ರೂಪ ಬರಬೇಕು. ಗೋ, ವೆಂಟ್, ಗಾನ್ ಎಂಬಲ್ಲಿ 'ಗಾನ್'. ರೈಟ್, ರೋಟ್, ರಿಟನ್ ಎಂಬಲ್ಲಿ 'ರಿಟನ್'. ಎರಡನೆಯ ರೂಪವನ್ನು ತಂದು 'ಹ್ಯಾವ್ ವೆಂಟ್' ಎಂದರೆ ತಪ್ಪಾಗುತ್ತದೆ. ಇಲ್ಲಿ ಮಕ್ಕಳು ಇನ್ನೊಂದು ತಪ್ಪನ್ನೂ ಮಾಡುತ್ತಾರೆ. 'ಬಂದಿದ್ದಾನೆ' ಎಂಬುದರಲ್ಲಿ 'ಇದ್ದಾನೆ' ಇರುವುದರಿಂದ ಅದಕ್ಕೆ 'ಈಸ್' ಎಂಬುದನ್ನು ಹಚ್ಚಿ 'ಹಿ ಈಸ್ ಕೇಮ್' ಎನ್ನುತ್ತಾರೆ. ಇದು ದಡ್ಡತನದ ತಪ್ಪಲ್ಲ, ಮಾತೃಭಾಷೆಯ ತರ್ಕವನ್ನು ಪ್ರಾಮಾಣಿಕವಾಗಿ ಅನುಸರಿಸಿದ ತಪ್ಪು. ವಿನೋದವೆಂದರೆ ಹಿಂದಿನ ಇಂಗ್ಲಿಷಿನಲ್ಲಿಯೂ ಬರುವ, ಹೋಗುವ ಕ್ರಿಯೆಗಳಿಗೆ ಹ್ಯಾಸ್ ಬದಲು ಈಸ್ ಬಳಸಿ 'ಹಿ ಈಸ್ ಕಮ್' ಎಂದು ಹೇಳುವ ವಾಡಿಕೆ ಇತ್ತು. 1611ರಲ್ಲಿ ಪ್ರಕಟವಾದ ಅವರ ಬೈಬಲಿನ ಅನುವಾದದಲ್ಲಿ ಅಂತಹ ಪ್ರಯೋಗಗಳು ಕಾಣಸಿಗುತ್ತವೆ. ಕಾಲಕ್ರಮದಲ್ಲಿ ಹ್ಯಾವ್ ಎಂಬುದೇ ಎಲ್ಲೆಡೆ ನೆಲೆಯೂರಿತು. ಆದ್ದರಿಂದ ಈಗ ನಾವು 'ಹಿ ಹ್ಯಾಸ್ ಕಮ್' ಎಂದೇ ಹೇಳತಕ್ಕದ್ದು.

ಇಷ್ಟು ತಿಳಿದ ಮೇಲೆ ಹುಡುಗಿಯ ಎರಡನೆಯ ವಾಕ್ಯವನ್ನು ಅವಳೇ ತಿದ್ದಿದಳು. ಪದವಿ ಪ್ರಮಾಣಪತ್ರ ಅವಳಿಗೆ ಇನ್ನೂ 'ಬಂದಿಲ್ಲ', ಕಾಯುತ್ತಿದ್ದಾಳೆ. ಹಾಗಾದರೆ 'ಡಿಡ್ ನಾಟ್ ರಿಸೀವ್' ಎಂಬುದು ಸಲ್ಲದು. 'ಐ ಹ್ಯಾವ್ ನಾಟ್ ರಿಸೀವ್ಡ್ ಮೈ ಸರ್ಟಿಫಿಕೇಟ್ ಯೆಟ್' ಎಂದಾಗಬೇಕು. ಕನ್ನಡದಲ್ಲಿ ನಿಷೇಧದ ಮಾತಿನಲ್ಲಿ ಈ ಭೇದ ಬಹಳ ಸ್ಪಷ್ಟವಾಗಿ ಉಳಿದಿದೆ. ಸಂಶಯ ಬಂದಾಗಲೆಲ್ಲ ವಾಕ್ಯವನ್ನು ಕನ್ನಡದಲ್ಲಿ ನಿಷೇಧಕ್ಕೆ ತಿರುಗಿಸಿ ನೋಡಿರಿ. 'ಮಾಡಿಲ್ಲ' ಎಂದು ನಾಲಗೆಗೆ ಬಂದರೆ ಹ್ಯಾವ್. 'ಮಾಡಲಿಲ್ಲ' ಎಂದು ಬಂದರೆ ಡಿಡ್. ಹೆಚ್ಚಿನ ಸಂದರ್ಭಗಳಲ್ಲಿ ಈ ತಕ್ಕಡಿ ಮೋಸ ಮಾಡುವುದಿಲ್ಲ.

ಆದರೆ ಎರಡು ಭಾಷೆಗಳು ಕೈ ಹಿಡಿದು ಬಹುದೂರ ಬಂದರೂ ಕೆಲವೆಡೆ ದಾರಿ ಕವಲಾಗುತ್ತದೆ. ಆ ಕವಲುಗಳಲ್ಲಿಯೇ ನಮ್ಮವರು ಎಡವುವುದು. ಅವುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಕವಲು ಕಾಲಸೂಚಕ ಪದಗಳದು. ಕನ್ನಡದಲ್ಲಿ 'ನಾನು 2023ರಲ್ಲಿ ಬಿ.ಎ. ಪಾಸು ಮಾಡಿದ್ದೇನೆ' ಎಂದರೆ ಯಾರೂ ಆಕ್ಷೇಪಿಸುವುದಿಲ್ಲ. 'ನಿನ್ನೆಯೇ ಹೇಳಿದ್ದೇನೆ' ಎನ್ನುವುದೂ ಸಹಜ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ಮುಗಿದುಹೋದ ಕಾಲವನ್ನು ಹೆಸರಿಟ್ಟು ಕರೆದ ಕೂಡಲೇ ಅದು ಹ್ಯಾವ್ ಎಂಬುದನ್ನು ಹೊರಗೆ ಕಳುಹಿಸುತ್ತದೆ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಇಯರ್ಸ್ ಅಗೋ, ಇನ್ 2023 ಎಂಬಂತಹ ಪದಗಳೊಡನೆ ಸಾದಾ ಭೂತಕಾಲವೇ ಬರಬೇಕು. ಆದುದರಿಂದ 'ಐ ಪಾಸ್ಡ್ ಬಿ.ಎ. ಇನ್ 2023'. ವರ್ಷವನ್ನು ಹೇಳದೆ, ಪದವಿ ಇದೆ ಎಂಬುದನ್ನಷ್ಟೇ ತಿಳಿಸುವುದಾದರೆ 'ಐ ಹ್ಯಾವ್ ಪಾಸ್ಡ್ ಬಿ.ಎ.' ಎಂದು ಧಾರಾಳವಾಗಿ ಬರೆಯಬಹುದು. ಯಾವಾಗ ಎಂಬ ಪ್ರಶ್ನೆಗೆ ಉತ್ತರವಾದರೆ ಭೂತಕಾಲ, ಈಗ ಏನಿದೆ ಎಂಬ ಪ್ರಶ್ನೆಗೆ ಉತ್ತರವಾದರೆ ಪೂರ್ಣ ವರ್ತಮಾನ ಎಂದು ನೆನಪಿಟ್ಟುಕೊಳ್ಳಬಹುದು. ಟುಡೇ, ದಿಸ್ ವೀಕ್, ದಿಸ್ ಇಯರ್ ಎಂಬವು ಇನ್ನೂ ಮುಗಿಯದ ಕಾಲವಾದ್ದರಿಂದ ಅವುಗಳೊಡನೆ ಹ್ಯಾವ್ ಬರಲು ಅಡ್ಡಿಯಿಲ್ಲ.

ಲಂಡನ್ ನಗರದ ಥೇಮ್ಸ್ ನದಿಯ ದಡದಲ್ಲಿ ವಿಶ್ವಗುರು ಬಸವಣ್ಣನವರ ಪ್ರತಿಮೆಯಿರುವುದನ್ನು ನಮ್ಮ ಓದುಗರು ಬಲ್ಲರು. ಅದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಅನಾವರಣವೆಂಬುದು ಒಂದು ದಿನದಲ್ಲಿ ಮುಗಿದ ಕೆಲಸ. ಆದ್ದರಿಂದ 'ಇಟ್ ವಾಸ್ ಅನ್‌ವೇಲ್ಡ್ ಇನ್ 2015'. ಪ್ರತಿಮೆ ನಿಂತಿರುವುದಾದರೋ ಅಂದು ಮೊದಲಾಗಿ ಇಂದಿಗೂ ಸಾಗಿದೆ. ಆದ್ದರಿಂದ 'ಇಟ್ ಹ್ಯಾಸ್ ಸ್ಟುಡ್ ದೇರ್ ಸಿನ್ಸ್ 2015'. ಎರಡು ವಾಕ್ಯಗಳಲ್ಲಿಯೂ 2015 ಇದೆ. ಒಂದರಲ್ಲಿ ಅದು ಮುಗಿದ ದಿನ, ಇನ್ನೊಂದರಲ್ಲಿ ಆರಂಭದ ದಿನ. ಸಿನ್ಸ್ ಎಂಬ ಪದ ಆರಂಭದಿಂದ ಈವರೆಗೆ ಸೇತುವೆ ಕಟ್ಟುತ್ತದೆ. ಈ ಜೋಡಿ ವಾಕ್ಯಗಳನ್ನು ಮಕ್ಕಳಿಗೆ ಕಲಿಸಿದರೆ ನಿಯಮವನ್ನು ಬೇರೆಯಾಗಿ ಉರುಹೊಡೆಸಬೇಕಾಗಿಲ್ಲ.

ಎರಡನೆಯ ಕವಲು ಇದಕ್ಕೆ ಹೊಂದಿಕೊಂಡೇ ಇದೆ. ಕನ್ನಡದ 'ಇಂದ' ಎಂಬ ಒಂದು ಪ್ರತ್ಯಯ ಎರಡು ಕೆಲಸ ಮಾಡುತ್ತದೆ. '2005ರಿಂದ' ಎನ್ನುತ್ತೇವೆ, 'ಇಪ್ಪತ್ತು ವರ್ಷಗಳಿಂದ' ಎಂದೂ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇವುಗಳಿಗೆ ಬೇರೆ ಬೇರೆ ಪದಗಳು. ಆರಂಭದ ಬಿಂದುವನ್ನು ಹೇಳುವಾಗ ಸಿನ್ಸ್, ಅವಧಿಯ ಅಳತೆಯನ್ನು ಹೇಳುವಾಗ ಫಾರ್. ಗೂಟಕ್ಕೆ ಸಿನ್ಸ್, ಹಗ್ಗಕ್ಕೆ ಫಾರ್ ಎಂದು ಆ ರಾತ್ರಿ ನಾವು ಹೇಳಿಕೊಟ್ಟೆವು. ಮತ್ತೊಂದು ಸಂಗತಿಯೆಂದರೆ, ಹಿಂದೆ ಆರಂಭವಾಗಿ ಇಂದಿಗೂ ನಡೆದಿರುವ ಕೆಲಸಕ್ಕೆ ನಾವು 'ಮಾಡುತ್ತಿದ್ದಾರೆ' ಎಂಬ ವರ್ತಮಾನವನ್ನೇ ಬಳಸುತ್ತೇವೆ. ಅದರಿಂದಲೇ 'ಈಸ್ ವರ್ಕಿಂಗ್' ಎಂದು ಬರೆಯುವ ಅಭ್ಯಾಸ. ಇಂಗ್ಲಿಷಿನಲ್ಲಿ ಇಂತಹ ಕೆಲಸಕ್ಕೆ ಹ್ಯಾಸ್ ಬೀನ್ ಬೇಕು. 'ಮೈ ಮದರ್ ಹ್ಯಾಸ್ ಬೀನ್ ವರ್ಕಿಂಗ್ ಇನ್ ಅರೆಕಾ ಗಾರ್ಡನ್ಸ್ ಫಾರ್ ಟ್ವೆಂಟಿ ಇಯರ್ಸ್' ಎಂದು ಮೂರನೆಯ ವಾಕ್ಯ ಸಿದ್ಧವಾಯಿತು. ಮಗಳು ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿದಾಗ ತಾಯಿ, "ಅಷ್ಟೇ ಆಯಿತೇ? ಇನ್ನೂ ಹೆಚ್ಚೇ ಇರಬೇಕು" ಎಂದು ಬೆರಳು ಮಡಿಚಿ ಎಣಿಸತೊಡಗಿದರು.

ಮೂರನೆಯ ಕವಲು ಹೋಗುವುದಕ್ಕೆ ಸಂಬಂಧಿಸಿದ್ದು. ಇಂಗ್ಲಿಷಿನಲ್ಲಿ 'ಹಿ ಹ್ಯಾಸ್ ಗಾನ್ ಟು ಬಾಳೆಹೊನ್ನೂರು' ಎಂದರೆ ಹೋಗಿದ್ದಾನೆ, ಇನ್ನೂ ಮರಳಿಲ್ಲ ಎಂದರ್ಥ. 'ಹಿ ಹ್ಯಾಸ್ ಬೀನ್ ಟು ಬಾಳೆಹೊನ್ನೂರು' ಎಂದರೆ ಹೋಗಿ ಬಂದಿದ್ದಾನೆ ಎಂದರ್ಥ. ಈ 'ಬೀನ್' ಎಂಬ ಪದ ಮಕ್ಕಳನ್ನು ಬಹಳ ಕಾಡುತ್ತದೆ. ಕನ್ನಡಿಗರಿಗೆ ಅದು ಕಾಡಬೇಕಾದ ಕಾರಣವೇ ಇಲ್ಲ. ಮನೆಯಿಂದ ಹೊರಡುವಾಗ ನಾವು ಎಂದಾದರೂ 'ಹೋಗುತ್ತೇನೆ' ಎನ್ನುತ್ತೇವೆಯೇ? 'ಹೋಗಿ ಬರುತ್ತೇನೆ' ಎನ್ನುತ್ತೇವೆ. ಹಾಗೆ ಹೇಳದೆ ಹೊರಟವನನ್ನು ಹಿರಿಯರು ಬಾಗಿಲಲ್ಲಿಯೇ ತಡೆದು ತಿದ್ದುತ್ತಾರೆ. ಆ ಹೋಗಿ ಬರುವುದೇ ಇಂಗ್ಲಿಷಿನ ಬೀನ್. ಗಾನ್ ಎಂಬುದು ಬರಿಯ ಹೋಗುವಿಕೆ.

ಅಮೆರಿಕದಲ್ಲಿ ಮಕ್ಕಳು, ಮೊಮ್ಮಕ್ಕಳು ಇರುವ ಮನೆಗಳವರು ಒಂದು ಮಾತನ್ನು ಕೇಳಿ ಗೊಂದಲಪಡುವುದುಂಟು. ಬ್ರಿಟಿಷರು 'ಹ್ಯಾವ್ ಯು ಈಟನ್?' ಎಂದು ಕೇಳುವಲ್ಲಿ ಅಮೆರಿಕದವರು 'ಡಿಡ್ ಯು ಈಟ್?' ಎಂದು ಕೇಳುತ್ತಾರೆ. 'ಐ ಆಲ್ರೆಡಿ ಏಟ್' ಎಂಬುದೂ ಅಲ್ಲಿ ಸಹಜವಾದ ಉತ್ತರ. ಮೊಮ್ಮಗನ ಇಂಗ್ಲಿಷು ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. ಅದು ಆ ದೇಶದ ವಾಡಿಕೆ. ನಾವಾದರೂ ಮನೆಗೆ ಬಂದವರನ್ನು 'ಊಟವಾಯಿತೇ?' ಎಂದು ಭೂತಕಾಲದಲ್ಲಿಯೇ ಕೇಳುತ್ತೇವಲ್ಲವೇ? ನಮ್ಮ ಪರೀಕ್ಷೆಗಳಲ್ಲಿ ಮತ್ತು ಅರ್ಜಿಗಳಲ್ಲಿ ಮಾತ್ರ ಬ್ರಿಟಿಷ್ ಪದ್ಧತಿಯನ್ನು ಅನುಸರಿಸುವುದು ಕ್ಷೇಮ.

ಉಳಿದದ್ದು ನಾಲ್ಕನೆಯ ವಾಕ್ಯ, ತಂದೆಯವರ ವಿಷಯ. 'ಮೈ ಫಾದರ್ ಹ್ಯಾಸ್ ವರ್ಕ್ಡ್ ಆಸ್ ಎ ಡ್ರೈವರ್ ಫಾರ್ ಫಿಫ್ಟೀನ್ ಇಯರ್ಸ್.' ಇದನ್ನು ಓದಿದ ಅಧಿಕಾರಿ, ತಂದೆ ಇಂದಿಗೂ ಜೀವಂತರಾಗಿದ್ದಾರೆ ಎಂದು ತಿಳಿಯುತ್ತಾರೆ. ಏಕೆಂದರೆ ಹ್ಯಾಸ್ ಎಂಬುದು ಈಗಿನವರೆಗೆ ಬಂದು ನಿಲ್ಲುವ ಪದ. ಒಬ್ಬರು ತಮ್ಮ ಜೀವಮಾನದಲ್ಲಿ ಮಾಡಿದ ಕೆಲಸವನ್ನು ಹೇಳುವಾಗ, ಆ ಜೀವನ ಮುಗಿದಿದ್ದರೆ ಇಂಗ್ಲಿಷು ಸಾಮಾನ್ಯವಾಗಿ ಸಾದಾ ಭೂತಕಾಲವನ್ನೇ ಬಯಸುತ್ತದೆ. ನಾವು ಹ್ಯಾಸ್ ಎಂಬುದನ್ನು ಹೊಡೆದುಹಾಕಿ 'ಮೈ ಫಾದರ್ ವರ್ಕ್ಡ್' ಎಂದು ಬರೆಯಲು ಹೇಳಿದೆವು.

ಹುಡುಗಿ ಪೆನ್ನು ಹಿಡಿದು ಸುಮ್ಮನೆ ಕುಳಿತಳು. ಬಹಳ ಹೊತ್ತಾದ ಮೇಲೆ, "ಇದನ್ನು ಹೊಡೆದುಹಾಕಲೇಬೇಕೇ?" ಎಂದು ಕೇಳಿದಳು. ಮೂರು ವಾಕ್ಯಗಳನ್ನು ಲವಲವಿಕೆಯಿಂದ ತಿದ್ದಿದ ಕೈ ಈ ಒಂದು ಪದದ ಮುಂದೆ ನಿಂತುಬಿಟ್ಟಿತ್ತು. ಅವಳು ವ್ಯಾಕರಣವನ್ನು ಕೇಳುತ್ತಿರಲಿಲ್ಲವೆಂಬುದು ನಮಗೆ ತಿಳಿಯಿತು.

ಕನ್ನಡದಲ್ಲಿ ಈ ಕಷ್ಟವಿಲ್ಲ. ಹನ್ನೆರಡನೆಯ ಶತಮಾನದ ಶರಣರನ್ನು ಕುರಿತು ನಾವು 'ಬಸವಣ್ಣನವರು ಹೇಳಿದ್ದಾರೆ', 'ಅಕ್ಕಮಹಾದೇವಿ ಹಾಡಿದ್ದಾಳೆ' ಎನ್ನುತ್ತೇವೆ. ಹೇಳಿ ಎಂಟು ಶತಮಾನಗಳು ಕಳೆದರೂ 'ಇದ್ದಾರೆ' ಎಂಬ ಪದ ಅಲ್ಲಿ ನಿಂತಿದೆ. ಹೇಳಿದವರ ಆಯುಷ್ಯವನ್ನು ಕನ್ನಡ ಲೆಕ್ಕ ಹಾಕುವುದಿಲ್ಲ. ಮಾತು ಬದುಕಿದೆಯೇ ಎಂಬುದನ್ನು ನೋಡುತ್ತದೆ. ಇಂಗ್ಲಿಷಿನಲ್ಲಿ ಇದೇ ಮಾತಿಗೆ 'ಬಸವಣ್ಣ ಸೆಡ್' ಎಂದೋ, ಗ್ರಂಥವನ್ನು ಮುಂದಿಟ್ಟುಕೊಂಡು 'ಬಸವಣ್ಣ ಸೇಸ್' ಎಂದೋ ಬರೆಯುವುದು ವಾಡಿಕೆ. ಇದರಲ್ಲಿ ಒಂದು ಭಾಷೆ ಮೇಲು, ಇನ್ನೊಂದು ಕೀಳು ಎಂಬುದಿಲ್ಲ. ಅದು ಅವರ ಎಣಿಕೆ, ಇದು ನಮ್ಮ ಎಣಿಕೆ.

ಹಾಗಾದರೆ ಇಂಗ್ಲಿಷಿನಲ್ಲಿ ಅಗಲಿದವರಿಗೂ ವರ್ತಮಾನಕ್ಕೂ ನಂಟೇ ಇಲ್ಲವೇ? ಇದೆ. ಅದಕ್ಕೆ ವಾಕ್ಯದ ಕರ್ತೃವನ್ನು ಬದಲಿಸಬೇಕು. ತಂದೆಯವರು ಕರ್ತೃವಾದರೆ 'ಹಿ ಟಾಟ್ ಮಿ'. ಮಗಳು ಕರ್ತೃವಾದರೆ 'ಐ ಹ್ಯಾವ್ ಲರ್ನ್ಟ್ ಫ್ರಮ್ ಹಿಮ್'. ಕಲಿಸಿದ್ದು ಮುಗಿಯಿತು, ಏಕೆಂದರೆ ಕಲಿಸಿದವರು ಇಲ್ಲ. ಕಲಿತದ್ದು ಉಳಿದಿದೆ, ಏಕೆಂದರೆ ಕಲಿತವಳು ಇದ್ದಾಳೆ. ಹ್ಯಾವ್ ಎಂಬುದಕ್ಕೆ ಬೇರೆಡೆ 'ಹೊಂದಿರು, ಇಟ್ಟುಕೊಂಡಿರು' ಎಂಬ ಅರ್ಥವಿರುವುದನ್ನು ನೆನೆದರೆ ಈ ವಾಕ್ಯ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಅವಳು ಹ್ಯಾಸ್ ಎಂಬುದನ್ನು ಹೊಡೆದಳು. ಅದರ ಮುಂದೆ ತಾನಾಗಿಯೇ ಒಂದು ವಾಕ್ಯವನ್ನು ಸೇರಿಸಿದಳು: 'ಐ ಹ್ಯಾವ್ ಲರ್ನ್ಟ್ ಹಾರ್ಡ್ ವರ್ಕ್ ಫ್ರಮ್ ಹಿಮ್.' ಆ ವಾಕ್ಯದಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ.

ಇನ್ನು ಪಾಲಕರಿಗೆ ಒಂದೆರಡು ಮಾತು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹಿಂದೆ ಐದನೆಯ ತರಗತಿಯಿಂದ ಇಂಗ್ಲಿಷ್ ಪಾಠ ಆರಂಭವಾಗುತ್ತಿತ್ತು. 2007ರಿಂದ ಅದು ಒಂದನೆಯ ತರಗತಿಗೆ ಬಂದಿದೆ. ವರ್ಷಗಳು ಹೆಚ್ಚಿದ ಮಾತ್ರಕ್ಕೆ ಭಯ ಕಡಿಮೆಯಾಗುವುದಿಲ್ಲ. ಕನ್ನಡವನ್ನು ಮರೆತರೆ ಇಂಗ್ಲಿಷು ಬೇಗ ಬರುವುದೆಂಬ ನಂಬಿಕೆ ಅನೇಕ ಮನೆಗಳಲ್ಲಿ ಹೊಕ್ಕಿದೆ. ಇದು ಸರಿಯಲ್ಲವೆಂಬುದಕ್ಕೆ ಈ ಸೀಮೆಯವರೇ ಸಾಕ್ಷಿ. ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು ಮೊದಲು ಬರೆದದ್ದು ಇಂಗ್ಲಿಷ್ ಕವಿತೆಗಳನ್ನು. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಅವರ ಸಂಕಲನ ಹೊರಬಂದಿತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಮಾತೃಭಾಷೆಯಲ್ಲಿ ಬರೆಯುವಂತೆ ಹೇಳಿದರು. ಮುಂದಿನದು ಎಲ್ಲರೂ ಬಲ್ಲ ಚರಿತ್ರೆ. ಎರಡೂ ಭಾಷೆಗಳನ್ನು ಬಲ್ಲವರಿಗೆ ಒಂದರ ಬೆಳಕು ಇನ್ನೊಂದರ ಮೇಲೆ ಬೀಳುತ್ತದೆ.

ಆದುದರಿಂದ ಮಕ್ಕಳ ಮುಂದೆ ಕೋಷ್ಟಕವನ್ನು ಇಡುವ ಮೊದಲು ಮನೆಮಾತನ್ನು ಇಡಿರಿ. ಒಂದು ವಾರ ರಾತ್ರಿಯ ಪ್ರಸಾದದ ಬಳಿಕ ಹತ್ತು ನಿಮಿಷಗಳನ್ನು ಇದಕ್ಕೆ ಮೀಸಲಿಡಿರಿ. ಮನೆಯ ಪ್ರತಿಯೊಬ್ಬರೂ ಎರಡು ಕನ್ನಡ ವಾಕ್ಯಗಳನ್ನು ಹೇಳಲಿ. ಒಂದು 'ನಿನ್ನೆ' ಎಂಬ ಪದವಿರುವ, 'ಮಾಡಿದೆನು' ಎಂದು ಮುಗಿಯುವ ವಾಕ್ಯ. ಇನ್ನೊಂದು ಕಾಲವನ್ನು ಹೆಸರಿಸದೆ 'ಮಾಡಿದ್ದೇನೆ' ಎಂದು ಮುಗಿಯುವ ವಾಕ್ಯ. ಅಜ್ಜಿಯೂ ಹೇಳಲಿ, ಮೊಮ್ಮಗುವೂ ಹೇಳಲಿ. ಶಾಲೆಗೆ ಹೋಗುವ ಮಗು ಅವೆರಡನ್ನೂ ಇಂಗ್ಲಿಷಿಗೆ ತಿರುಗಿಸಲಿ. ಬಳಿಕ ಎರಡನೆಯ ವಾಕ್ಯವನ್ನು ಎಲ್ಲರೂ 'ಮಾಡಿಲ್ಲ' ಎಂದು ನಿಷೇಧಕ್ಕೆ ತಿರುಗಿಸಿ ನೋಡಲಿ. ಇಂಗ್ಲಿಷ್ ಬಾರದ ಹಿರಿಯರು ಈ ಪಾಠದಲ್ಲಿ ಬರಿಯ ಕೇಳುಗರಲ್ಲ, ಅರ್ಧ ಪಾಠವನ್ನು ಅವರೇ ಹೇಳಿಕೊಡುತ್ತಾರೆ.

ಅಭ್ಯಾಸಕ್ಕೆಂದು ಎರಡು ಸಂಗತಿಗಳನ್ನು ಕೊಡುತ್ತೇವೆ. ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಅಂದಿನಿಂದ ವಚನಗಳು ಅನೇಕ ಭಾಷೆಗಳಿಗೆ ಅನುವಾದಗೊಂಡಿವೆ. ಇನ್ನೊಂದು: ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಮಲೆನಾಡಿನ ರೈತರು ತಲೆಮಾರುಗಳಿಂದ ಬೋರ್ಡೋ ದ್ರಾವಣವನ್ನು ಬಳಸುತ್ತಿದ್ದಾರೆ. ಈ ನಾಲ್ಕು ವಾಕ್ಯಗಳಲ್ಲಿ ಎಲ್ಲಿ ಸಾದಾ ಭೂತಕಾಲ, ಎಲ್ಲಿ ಹ್ಯಾವ್, ಎಲ್ಲಿ ಹ್ಯಾವ್ ಬೀನ್, ಸಿನ್ಸ್ ಎಲ್ಲಿ, ಫಾರ್ ಎಲ್ಲಿ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳಲಿ.

ಕಡೆಯದಾಗಿ ನಗುವವರಿಗೂ ಒಂದು ಬಿನ್ನಹ. ಪರಭಾಷೆಯಲ್ಲಿ ತಪ್ಪು ಮಾಡುವವನು ಎರಡು ಭಾಷೆಗಳ ಭಾರವನ್ನು ಹೊತ್ತು ನಡೆಯುತ್ತಿರುತ್ತಾನೆ. ಅವನು ಎಡವಿದಾಗ ಕೈ ಕೊಡುವುದು ಶರಣಧರ್ಮ. ಒಂದು ನಗೆಯಿಂದ ಒಂದು ಮಗುವಿನ ಬಾಯಿ ಎಷ್ಟೋ ತಿಂಗಳು ಕಟ್ಟಿಹೋದುದನ್ನು ನಾವು ಶೆಟ್ಟಿಕೊಪ್ಪದಲ್ಲಿ ಕಣ್ಣಾರೆ ಕಂಡೆವು.

ಮರುದಿನ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಆ ಹುಡುಗಿ ಅರ್ಜಿಯನ್ನು ಹೊಸ ಹಾಳೆಯಲ್ಲಿ ನಕಲು ಮಾಡಿ ಅಂಚೆಗೆ ಹಾಕಿದಳು. ಕಳೆದ ವಾರ ಆ ಮನೆಯವರೊಡನೆ ಮಾತನಾಡಿದಾಗ ಏನಾಯಿತೆಂದು ವಿಚಾರಿಸಿದೆವು. ತಾಯಿಯೇ ಉತ್ತರ ಕೊಟ್ಟರು: "ಇನ್ನೂ ಬಂದಿಲ್ಲ." ಬರಲಿಲ್ಲ ಎಂದು ಅವರು ಹೇಳಲಿಲ್ಲ.